ಡೀಸೆಲ್ ಕಾರಿನ ಬೆಲ್ಟ್ ಅದುರಾಟ: ಪತ್ತೆ ಮತ್ತು ದುರಸ್ತಿ

ಎಂಜಿನ್ನಿನ ಮುಂಬದಿಯಲ್ಲಿ ಕ್ರ್ಯಾಂಕ್ ಪುಲಿಯಿಂದ ಹೊರಟು ಆಲ್ಟರ್ನೇಟರ್, ಎ.ಸಿ. ಕಂಪ್ರೆಸರ್, ಪವರ್ ಸ್ಟೀರಿಂಗ್ ಪಂಪು, ಕೆಲವು ಕಾರುಗಳಲ್ಲಿ ವಾಟರ್ ಪಂಪು, ಇವನ್ನೆಲ್ಲ ತಿರುಗಿಸುವ ರಬ್ಬರ್ ಬೆಲ್ಟು ಐಡ್ಲಿಂಗ್‌ನಲ್ಲಿ ಪಟಪಟನೆ ಬಡಿದುಕೊಳ್ಳುವುದು, ಅದನ್ನು ಬಿಗಿಹಿಡಿದ ಟೆನ್ಷನರಿನ ತೋಳು ಕುಣಿಯುವುದು, ಆ ನಡುಕ ಬಾಡಿಗೂ ಸ್ಟೀರಿಂಗಿಗೂ ಹತ್ತುವುದು ಡೀಸೆಲ್ ಕಾರುಗಳ ಹಳೆಯ ದೂರು. ಪೆಟ್ರೋಲ್ ಕಾರಿನಲ್ಲೂ ಬರುತ್ತದೆ, ಆದರೆ ಅಪರೂಪ, ಬಂದರೂ ಸೌಮ್ಯ. ಹೊಸ ಬೆಲ್ಟು ಹಾಕಿಸಿದ ಮೇಲೂ ಅದುರಾಟ ಹಾಗೇ ಉಳಿಯಿತು ಎಂಬ ಮಾತು ಈ ದೂರಿನ ಜೊತೆಗೇ ಕೇಳಿಬರುತ್ತದೆ. ಕಾರಣ ಸರಳ: ಹೆಚ್ಚಿನ ಸಲ ಕೆಟ್ಟಿರುವುದು ಕ್ರ್ಯಾಂಕಿನ ಏರಿಳಿತವನ್ನು ನುಂಗಲೆಂದೇ ಇಟ್ಟ ಮೂರು ಭಾಗಗಳಲ್ಲಿ ಒಂದು. ಆಲ್ಟರ್ನೇಟರಿನ ಪುಲಿ, ಟೆನ್ಷನರ್, ಕ್ರ್ಯಾಂಕ್ ಪುಲಿ, ಈ ಮೂರನ್ನು ನೋಡದೆ ಬೆಲ್ಟು ಬದಲಾಯಿಸಿದರೆ ಹೊಸ ಬೆಲ್ಟೂ ಹಳೆಯದರ ಹಾಗೆಯೇ ಬಡಿದುಕೊಳ್ಳುತ್ತದೆ.

ಏರಿಳಿತದ ಮೂಲ

ಕ್ರ್ಯಾಂಕ್‌ಶಾಫ್ಟ್ ನಿಮಿಷಕ್ಕೆ 800 ಸುತ್ತು ತಿರುಗುತ್ತಿದೆ ಎಂದು ಮೀಟರು ತೋರಿಸುವುದು ಸರಾಸರಿ ಲೆಕ್ಕ. ಒಂದೊಂದು ಸುತ್ತಿನೊಳಗೇ ವೇಗ ಏರಿ ಇಳಿಯುತ್ತದೆ. ಒಂದು ಸಿಲಿಂಡರಿನಲ್ಲಿ ಇಂಧನ ಹೊತ್ತಿಕೊಂಡಾಗ ಶಾಫ್ಟು ಮುಂದಕ್ಕೆ ಜಿಗಿಯುತ್ತದೆ. ಮುಂದಿನ ಸಿಲಿಂಡರಿನ ಪಿಸ್ಟನ್ ಗಾಳಿಯನ್ನು ಒತ್ತಬೇಕಾದಾಗ ಮುಗ್ಗರಿಸುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಎರಡೂ ದೊಡ್ಡವು. ಸ್ಪಾರ್ಕ್ ಪ್ಲಗ್ ಇಲ್ಲವಾದ್ದರಿಂದ ಇಂಧನ ತಾನಾಗಿ ಹೊತ್ತಿಕೊಳ್ಳುವಷ್ಟು ಬಿಸಿಯಾಗುವವರೆಗೆ ಗಾಳಿಯನ್ನು ಒತ್ತಬೇಕು. ಪೆಟ್ರೋಲ್ ಎಂಜಿನ್ನಿನ ಕಂಪ್ರೆಷನ್ ಅನುಪಾತ 10ರ ಆಸುಪಾಸಿನಲ್ಲಿದ್ದರೆ ಡೀಸೆಲಿನದು 16ರಿಂದ 22. ಇನ್ನೊಂದು ಕಾರಣ ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಐಡ್ಲಿಂಗ್‌ನಲ್ಲಿ ಪೆಟ್ರೋಲ್ ಎಂಜಿನ್ನಿನ ಥ್ರಾಟಲ್ ಬಹುಪಾಲು ಮುಚ್ಚಿರುತ್ತದೆ, ಸಿಲಿಂಡರಿಗೆ ಹೋಗುವ ಗಾಳಿಯೇ ಸ್ವಲ್ಪ. ಡೀಸೆಲಿನಲ್ಲಿ ಶಕ್ತಿಯನ್ನು ಹತೋಟಿಯಲ್ಲಿಡುವುದು ಇಂಧನದ ಅಳತೆ. ಗಾಳಿ ಐಡ್ಲಿಂಗ್‌ನಲ್ಲೂ ಸಿಲಿಂಡರು ತುಂಬ ಬರುತ್ತದೆ, ಅಷ್ಟನ್ನೂ ಒತ್ತಲೇಬೇಕು. ಫ್ಲೈವೀಲಿನಲ್ಲಿ ಕೂಡಿಟ್ಟ ಶಕ್ತಿ ತೀರ ಕಡಿಮೆ ಇರುವ ವೇಗದಲ್ಲಿ ಈ ಹೊರೆ ತೀರ ಹೆಚ್ಚು. ಸಿಗ್ನಲ್ಲಿನಲ್ಲಿ ನಿಂತಾಗ ಬಡಿಯುವ ಬೆಲ್ಟು ಹೆದ್ದಾರಿಗೆ ಬಿದ್ದ ಕೂಡಲೇ ತಣ್ಣಗಾಗುವುದು ಇದರಿಂದಲೇ.

ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸುತ್ತಿಗೆ ಎರಡು ಸಲ ಇಂಧನ ಹೊತ್ತುತ್ತದೆ. 800 ಸುತ್ತಿನ ಐಡ್ಲಿಂಗ್‌ನಲ್ಲಿ ಅದು ಸೆಕೆಂಡಿಗೆ ಸುಮಾರು 27 ತಳ್ಳು. ಫೋಕ್ಸ್‌ವ್ಯಾಗನ್ ಪೋಲೋದ 1.2 ಟಿಡಿಐನಂಥ ಮೂರು ಸಿಲಿಂಡರಿನ ಎಂಜಿನ್ನಿನಲ್ಲಿ 20. ಈ ತಳ್ಳುಗಳೆಲ್ಲ ಕ್ರ್ಯಾಂಕ್ ಪುಲಿಯ ಮೂಲಕ ಬೆಲ್ಟಿಗೆ ಇಳಿಯುತ್ತವೆ. ಗೇರ್‌ಬಾಕ್ಸಿನ ಸದ್ದಡಗಿಸಲು ಬಂದ ಡ್ಯುಯಲ್ ಮಾಸ್ ಫ್ಲೈವೀಲ್ ಇಲ್ಲೊಂದು ಹೊಸ ತೊಂದರೆ ತಂದಿತು. ಕ್ರ್ಯಾಂಕಿಗೆ ನೇರವಾಗಿ ಅಂಟಿದ ಭಾರ ಕಡಿಮೆಯಾಗಿ ಹಿಂಬದಿ ಮೃದುವಾಯಿತು, ಮುಂಬದಿಯ ಏರಿಳಿತ ಹೆಚ್ಚಿತು. ಹೊಸ ಡೀಸೆಲ್ ಎಂಜಿನ್ನುಗಳ ಬೆಲ್ಟು ಹಳೆಯವಕ್ಕಿಂತ ಹೆಚ್ಚು ಏಟು ತಿನ್ನುವುದಕ್ಕೆ ಇದೂ ಒಂದು ಕಾರಣ.

ಬೆಲ್ಟು ತಿರುಗಿಸುವ ಭಾಗಗಳಲ್ಲಿ ಈ ಏರಿಳಿತಕ್ಕೆ ಅತಿ ಹೆಚ್ಚು ಎದುರು ನಿಲ್ಲುವುದು ಗ್ಯಾರೇಜಿನವರು ಡೈನಮೋ ಎನ್ನುವ ಆಲ್ಟರ್ನೇಟರ್. ಒಳಗಿನ ರೋಟರ್ ತಾಮ್ರ ಕಬ್ಬಿಣಗಳ ಗಟ್ಟಿ ಭಾರ, ಅದರ ಪುಲಿ ಚಿಕ್ಕದು. ಕ್ರ್ಯಾಂಕ್ ಒಂದು ಸುತ್ತು ಹಾಕುವಷ್ಟರಲ್ಲಿ ಅದು ಎರಡೂವರೆಯಿಂದ ಮೂರು ಸುತ್ತು ಹಾಕಿರುತ್ತದೆ. ಕ್ರ್ಯಾಂಕಿನ ಕಡೆಯಿಂದ ನೋಡಿದರೆ ರೋಟರಿನ ಜಡತ್ವ ಈ ಅನುಪಾತದ ವರ್ಗದಷ್ಟು ಹೆಚ್ಚಾಗಿ ಕಾಣುತ್ತದೆ, 2.7ರ ಅನುಪಾತಕ್ಕೆ ಏಳು ಪಟ್ಟು ಮೀರಿ. ಒಂದು ಅಂದಾಜು ಲೆಕ್ಕ ಹಾಕಬಹುದು. ವೇಗ ಸರಾಸರಿಗಿಂತ ಶೇ 3ರಷ್ಟು ಮೇಲಕ್ಕೂ ಅಷ್ಟೇ ಕೆಳಕ್ಕೂ ಆಡುತ್ತಿದೆ, ರೋಟರಿನ ಜಡತ್ವ 0.003 ಕಿಲೋಗ್ರಾಂ ಚದರ ಮೀಟರ್, ಅದರ ಪುಲಿಯ ತ್ರಿಜ್ಯ 27 ಮಿ.ಮೀ. ಎಂದಿಟ್ಟುಕೊಂಡರೆ ಬೆಲ್ಟಿನ ಎಳೆತ ಸೆಕೆಂಡಿಗೆ 27 ಸಲ ಸುಮಾರು 125 ನ್ಯೂಟನ್ ಏರಿ ಅಷ್ಟೇ ಇಳಿಯುತ್ತದೆ. ಬೆಲ್ಟು ಕೂರಿಸಿದಾಗಿನ ಎಳೆತವೇ ಸುಮಾರು 300ರಿಂದ 400 ನ್ಯೂಟನ್. ವಿದ್ಯುತ್ ಹೊರೆ ಕಡಿಮೆ ಇದ್ದಾಗ ರೋಟರೇ ಬೆಲ್ಟನ್ನು ಮುಂದಕ್ಕೆ ಎಳೆಯುವ ಗಳಿಗೆಗಳೂ ಬರುತ್ತವೆ. ಆಗ ಬಿಗಿಯಾಗಿದ್ದ ಮಗ್ಗುಲು ಸಡಿಲ, ಸಡಿಲವಾಗಿದ್ದದ್ದು ಬಿಗಿ. ಬಾನೆಟ್ ತೆರೆದು ನೋಡಿದವರಿಗೆ ಕಾಣುವ ಬಡಿತ ಇದೇ.

ಬೆಲ್ಟು

ಇಳಿಜಾರು ಮಗ್ಗುಲಿನ ರಬ್ಬರ್ ವಿ-ಬೆಲ್ಟನ್ನು 1917ರಲ್ಲಿ ರೂಪಿಸಿದ ಶ್ರೇಯ ಅಮೆರಿಕದ ಡೆನ್ವರಿನ ಜಾನ್ ಗೇಟ್ಸ್‌ಗೆ ಸಲ್ಲುತ್ತದೆ. ಅಂಬಾಸಡರ್ ಕಾಲದ ಎಂಜಿನ್ನುಗಳಲ್ಲಿ ಇದ್ದದ್ದು ಆ ಬಗೆ. ಆಲ್ಟರ್ನೇಟರನ್ನೇ ಸನ್ನೆಯಿಂದ ಮೀಟಿ ಹಿಡಿದು ಬೋಲ್ಟು ಬಿಗಿದರೆ ಬೆಲ್ಟು ಬಿಗಿಯಾಯಿತು; ಉದ್ದನೆಯ ಭಾಗವನ್ನು ಹೆಬ್ಬೆರಳಲ್ಲಿ ಒತ್ತಿದಾಗ ಒಂದು ಸೆಂಟಿಮೀಟರಿನಷ್ಟು ತಗ್ಗಿದರೆ ಸರಿ ಎಂಬುದು ರೂಢಿ. 1979ರ ಫೋರ್ಡ್ ಮಸ್ಟಾಂಗ್‌ನೊಂದಿಗೆ ಬಂದದ್ದು ಎಲ್ಲ ಪುಲಿಗಳನ್ನೂ ಹಾವಿನ ಹರಿದಾಟದಲ್ಲಿ ಸುತ್ತುವ ಒಂದೇ ಚಪ್ಪಟೆ ಬೆಲ್ಟು. ಇಂದಿನ ಕಾರುಗಳಲ್ಲಿರುವುದು ಅದೇ ಮನೆತನ, ಒಳಮೈಯಲ್ಲಿ ಉದ್ದಕ್ಕೂ ಏಣುಗಳಿರುವ ಪಿಕೆ ಬಗೆ. ಬೆನ್ನ ಮೇಲೆ 6ಪಿಕೆ1873 ಎಂದು ಬರೆದಿದ್ದರೆ ಆರು ಏಣು, 1873 ಮಿ.ಮೀ. ಉದ್ದ. ಏಣಿನಿಂದ ಏಣಿಗೆ 3.56 ಮಿ.ಮೀ. ಅಂಗಡಿಯಲ್ಲಿ "ಇದೂ ಕೂರುತ್ತೆ ಸಾರ್" ಎಂದು ಹತ್ತು ಮಿ.ಮೀ. ಉದ್ದದ್ದನ್ನು ಕೊಟ್ಟರೆ ಕೂರುವುದೇನೋ ನಿಜ. ಟೆನ್ಷನರ್ ತನ್ನ ಓಟದ ತುದಿಗೆ ಹತ್ತಿರವಾಗಿ ಎಳೆತ ಕುಸಿಯುತ್ತದೆ.

ಎಳೆತ ಕುಸಿದರೆ ಏನಾಗುತ್ತದೆ ಎಂಬುದಕ್ಕೆ ಬಿಗಿದ ತಂತಿಯ ಸೂತ್ರ ಸಾಕು. ಎರಡು ಪುಲಿಗಳ ನಡುವಿನ ಬೆಲ್ಟಿಗೆ ತನ್ನದೇ ಕಂಪನ ಸಂಖ್ಯೆ ಇದೆ. ಆರು ಏಣಿನ ಬೆಲ್ಟು ಮೀಟರಿಗೆ ಸುಮಾರು 115 ಗ್ರಾಂ ತೂಗುತ್ತದೆ ಎಂದು ಹಿಡಿದರೆ, 350 ನ್ಯೂಟನ್ ಎಳೆತದಲ್ಲಿ ಅರ್ಧ ಮೀಟರ್ ಉದ್ದದ ಭಾಗ ಸೆಕೆಂಡಿಗೆ 55 ಸಲ ಕಂಪಿಸುತ್ತದೆ. ಎಂಜಿನ್ನಿನ 27ರಿಂದ ಅದು ದೂರ. ಎಳೆತ 100 ನ್ಯೂಟನ್ನಿಗೆ ಇಳಿದರೆ ಕಂಪನ 30ಕ್ಕಿಂತ ಕೆಳಗೆ ಬಂದು ಎಂಜಿನ್ನಿನ ತಾಳಕ್ಕೆ ಕೂಡಿಕೊಳ್ಳುತ್ತದೆ, ಬೀಸು ಹಲವು ಪಟ್ಟು ಬೆಳೆಯುತ್ತದೆ. ಐಡ್ಲಿಂಗನ್ನು ನೂರು ಸುತ್ತು ಏರಿಸಿದ ಮಾತ್ರಕ್ಕೆ ಬಡಿತ ನಿಂತುಹೋಗುವ ಕಾರುಗಳ ಗುಟ್ಟು ಇಷ್ಟೇ. ಏರಿಸಿ ಮುಚ್ಚಿಡುವುದು ದುರಸ್ತಿಯಲ್ಲ, ಆದರೆ ಪತ್ತೆಗೆ ಒಳ್ಳೆಯ ಸುಳಿವು.

ಹಳೆಯ ನಿಯೋಪ್ರೀನ್ ಬೆಲ್ಟು ವಯಸ್ಸಾದಂತೆ ಅಡ್ಡಡ್ಡ ಬಿರುಕು ಬಿಡುತ್ತಿತ್ತು, ಯಾರಿಗಾದರೂ ಕಾಣುತ್ತಿತ್ತು. ಈಗಿನ ಇಪಿಡಿಎಂ ರಬ್ಬರು ಲಕ್ಷ ಕಿಲೋಮೀಟರ್ ಓಡಿದರೂ ಬಿರುಕು ಬಿಡದೆ ಹೊಸದರಂತೆ ಕಾಣಬಹುದು. ಅದು ಸವೆಯುವುದು ಟೈರಿನ ರೀತಿ, ಏಣುಗಳ ನಡುವಿನ ಕಣಿವೆ ಅಗಲವಾಗುತ್ತ. ಕಣಿವೆ ಸವೆದರೆ ಬೆಲ್ಟು ಪುಲಿಯೊಳಕ್ಕೆ ಇಳಿದು ತಳಕ್ಕೆ ತಾಗುತ್ತದೆ, ಹಿಡಿತ ತಪ್ಪುತ್ತದೆ. ಕಣ್ಣಂದಾಜು ಸಾಲದು, ಕಣಿವೆಯಲ್ಲಿಟ್ಟು ನೋಡುವ ಪ್ಲಾಸ್ಟಿಕ್ ಗೇಜು ಬೇಕು.

ನಡುಕ ನುಂಗುವ ಮೂರು ಭಾಗಗಳು

ಫ್ರೀವೀಲ್ ಪುಲಿ. ಆಲ್ಟರ್ನೇಟರಿನ ಮೂತಿಯಲ್ಲಿರುವ ಈ ಪುಲಿ ಹೊರಗಿನಿಂದ ನೋಡಿದರೆ ಸಾದಾ ಪುಲಿಯೇ. ಒಳಗೆ ಎರಡು ಬಳೆ. ಒಳಬಳೆ ಆಲ್ಟರ್ನೇಟರಿನ ಶಾಫ್ಟಿಗೆ ಸ್ಕ್ರೂ ಆಗಿರುತ್ತದೆ, ಹೊರಬಳೆಯ ಮೇಲೆ ಬೆಲ್ಟು ಓಡುತ್ತದೆ, ನಡುವೆ ಸೂಜಿಯಂಥ ಸಣ್ಣ ರೋಲರುಗಳೂ ಅವನ್ನು ಇಳಿಜಾರಿಗೆ ಒತ್ತುವ ಸ್ಪ್ರಿಂಗುಗಳೂ ಇವೆ. ಸೈಕಲ್ಲಿನ ಹಿಂಚಕ್ರದಲ್ಲಿ ಪೆಡಲು ನಿಲ್ಲಿಸಿದರೂ ಚಕ್ರ ಓಡುವಂತೆ, ಬೆಲ್ಟು ನಿಧಾನವಾದ ಗಳಿಗೆಯಲ್ಲಿ ರೋಟರ್ ತನ್ನ ಪಾಡಿಗೆ ಮುಂದೆ ಓಡುತ್ತದೆ, ಬೆಲ್ಟನ್ನು ಎಳೆಯುವುದಿಲ್ಲ. ಜರ್ಮನಿಯ ಐಎನ್‌ಎ ಕಂಪನಿಯ ಪುಲಿಗಳು ಈ ಬಗೆಯವು. ಕೆನಡಾದ ಲೈಟೆನ್ಸ್ ಕಂಪನಿಯ ಡಿಕಪ್ಲರ್ ಪುಲಿ ಇನ್ನೊಂದು ಹೆಜ್ಜೆ ಮುಂದೆ. ಫ್ರೀವೀಲ್ ಜೊತೆ ಒಂದು ಸುರುಳಿ ಸ್ಪ್ರಿಂಗೂ ಇದ್ದು ಮುಂದಕ್ಕೆ ತಳ್ಳುವ ಏಟನ್ನೂ ಅದು ಮೆತ್ತಗೆ ಮಾಡುತ್ತದೆ. ಎರಡರಲ್ಲೂ ಫ್ರೀವೀಲ್ ಕಚ್ಚಿಕೊಂಡರೆ ಪುಲಿ ಗಟ್ಟಿಯಾಗುತ್ತದೆ, ರೋಟರಿನ ಪೂರ್ತಿ ಜಡತ್ವ ಬೆಲ್ಟಿನ ಮೇಲೆ ಬೀಳುತ್ತದೆ. ಡೀಸೆಲ್ ಬೆಲ್ಟಿನ ಬಡಿತಕ್ಕೆ ಮೊದಲು ಶಂಕಿಸಬೇಕಾದದ್ದು ಇದನ್ನೇ.

ಪುಲಿಯ ಮುಂದೆ ಒಂದು ಕಪ್ಪು ಪ್ಲಾಸ್ಟಿಕ್ ಮುಚ್ಚಳ ಇರುತ್ತದೆ. ಯಾವುದೋ ಕೆಲಸಕ್ಕೆ ಬಿಚ್ಚಿದವರು ಅದನ್ನು ವಾಪಸು ಹಾಕದೆ ಬಿಟ್ಟರೆ ಮಳೆನೀರೂ ಮಣ್ಣಿನ ಧೂಳೂ ನೇರ ಒಳಗೆ. ಚಿಕ್ಕ ಮುಚ್ಚಳ, ಆದರೆ ಅದಿಲ್ಲದ ಪುಲಿ ಹೆಚ್ಚು ದಿನ ಬಾಳುವುದಿಲ್ಲ. ಮುಚ್ಚಳವಿಲ್ಲದ ಪುಲಿ ಕಂಡರೆ ಪರೀಕ್ಷೆ ಅಲ್ಲಿಂದಲೇ ಶುರುವಾಗಲಿ.

ಟೆನ್ಷನರ್. ಸ್ಪ್ರಿಂಗ್ ತೋಳಿಗೆ ಬಿಗಿ ಕೊಡುತ್ತದೆ. ತೋಳು ಕುಣಿಯದಂತೆ ಹಿಡಿಯುವುದು ಒಳಗಿನ ಉಜ್ಜುವ ಪ್ಲಾಸ್ಟಿಕ್ ಬುಷ್. ಬುಷ್ ಸವೆದ ಟೆನ್ಷನರ್ ಬೆಲ್ಟನ್ನು ಬಿಗಿಯಾಗಿಯೇ ಹಿಡಿದಿರುತ್ತದೆ, ಕುಣಿತವನ್ನು ಮಾತ್ರ ತಡೆಯಲಾರದು. ಹಾಗಾಗಿ ಕೈಯಲ್ಲಿ ಒತ್ತಿ ನೋಡಿ ಬಿಗಿ ಇದೆ ಎಂದವರ ಮಾತು ನಂಬುವಂತಿಲ್ಲ. ಬುಡದ ಸುತ್ತ ತುಕ್ಕುಬಣ್ಣದ ಪುಡಿ, ಬೆಲ್ಟು ರೋಲರಿನ ಒಂದು ಅಂಚಿಗೆ ಸರಿದ ಗುರುತು, ಇವು ಖಚಿತ ಲಕ್ಷಣ. ಕೆಲವು ಮರ್ಸಿಡಿಸ್ ಮತ್ತು ಬಿಎಂಡಬ್ಲ್ಯು ಎಂಜಿನ್ನುಗಳಲ್ಲಿ ಎಣ್ಣೆ ತುಂಬಿದ ಹೈಡ್ರಾಲಿಕ್ ಟೆನ್ಷನರ್ ಇದೆ. ಅದರ ಮೈ ಎಣ್ಣೆಯಿಂದ ಒದ್ದೆಯಾಗಿದ್ದರೆ ಆಯುಸ್ಸು ಮುಗಿಯಿತು.

ಕ್ರ್ಯಾಂಕ್ ಪುಲಿ. ಒಳಗಿನ ಗುಂಬಕ್ಕೂ ಹೊರಗಿನ ಉಂಗುರಕ್ಕೂ ನಡುವೆ ರಬ್ಬರಿನ ಪದರ. ಇದರ ಮುಖ್ಯ ಕೆಲಸ ಕ್ರ್ಯಾಂಕ್‌ಶಾಫ್ಟ್ ತಿರುಚಿಕೊಂಡು ಕಂಪಿಸುವುದನ್ನು ತಡೆಯುವುದು. ಆ ಕಂಪನ ಸೆಕೆಂಡಿಗೆ ನೂರಾರು ಸಲದ್ದು, ಐಡ್ಲಿಂಗಿನ ಬಡಿತಕ್ಕೂ ಅದಕ್ಕೂ ನೇರ ನಂಟಿಲ್ಲ. ಹಲವು ಡೀಸೆಲ್ ಎಂಜಿನ್ನುಗಳಲ್ಲಿ ಇದರೊಡನೆ ಬೆಲ್ಟನ್ನು ಪ್ರತ್ಯೇಕಿಸುವ ಇನ್ನೊಂದು ಮೆತ್ತನೆಯ ರಬ್ಬರ್ ಪದರ ಇರುತ್ತದೆ. ಐಡ್ಲಿಂಗಿನಲ್ಲಿ ದುಡಿಯುವುದು ಅದು. ಬಿಎಂಡಬ್ಲ್ಯುನ ಎಂ47, ಎಂ57 ಡೀಸೆಲ್‌ಗಳಲ್ಲಿ ಈ ರಬ್ಬರು ಬಿರಿಯುವುದು ಮೆಕ್ಯಾನಿಕ್‌ಗಳಿಗೆ ಚಿರಪರಿಚಿತ. ರಬ್ಬರು ಹರಿದ ಮೇಲೆ ಉಂಗುರ ಓಲಾಡುತ್ತದೆ, ಬೆಲ್ಟು ಅಂಚಿನಿಂದ ನೂಲು ನೂಲಾಗಿ ಬಿಚ್ಚಿಕೊಳ್ಳುತ್ತದೆ.

ಪತ್ತೆಯ ಕ್ರಮ

ಮೊದಲು ತಿಳಿಯಬೇಕಾದದ್ದು ನಡುಕ ಬೆಲ್ಟಿನ ಕಡೆಯದೋ ಎಂಜಿನ್ನಿನದೋ ಎಂಬುದು. ವಾಟರ್ ಪಂಪು ಈ ಬೆಲ್ಟಿನಿಂದ ತಿರುಗದ ಕಾರಾದರೆ ಬೆಲ್ಟನ್ನು ಕಳಚಿ, ತಣ್ಣಗಿನ ಎಂಜಿನ್ನನ್ನು ಅರ್ಧ ನಿಮಿಷ ಓಡಿಸಿ ನೋಡುವುದು ಎಲ್ಲಕ್ಕಿಂತ ಸ್ಪಷ್ಟ ಪರೀಕ್ಷೆ. ನಡುಕ ನಿಂತರೆ ಕಾರಣ ಮುಂಬದಿಯಲ್ಲಿದೆ. ನಿಲ್ಲದಿದ್ದರೆ ಎಂಜಿನ್ ಮೌಂಟಿಂಗ್, ಡ್ಯುಯಲ್ ಮಾಸ್ ಫ್ಲೈವೀಲ್, ಇಂಜೆಕ್ಟರ್, ಈ ದಿಕ್ಕಿಗೆ ಹೋಗಬೇಕು. ಕಳಚಿದ ಸ್ಥಿತಿಯಲ್ಲಿ ಗಾಡಿಯನ್ನು ರಸ್ತೆಗೆ ಒಯ್ಯಬಾರದು. ಹಳೆಯ ಹಲವು ಡೀಸೆಲ್ ಗಾಡಿಗಳಲ್ಲಿ ಬ್ರೇಕ್ ಬೂಸ್ಟರಿಗೆ ನಿರ್ವಾತ ಕೊಡುವ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಇದೆ. ಬೆಲ್ಟಿಲ್ಲದಿದ್ದರೆ ಬ್ರೇಕ್ ಪೆಡಲು ಕಲ್ಲಾಗುತ್ತದೆ.

ಇಂಜೆಕ್ಟರಿನ ಮಾತು ಬಂತು. ನಾಲ್ಕರಲ್ಲಿ ಒಂದು ಸಿಲಿಂಡರಿಗೆ ಇಂಧನ ಕಡಿಮೆ ಬಿದ್ದರೆ ತಳ್ಳುಗಳು ಸಮನಾಗಿರುವುದಿಲ್ಲ, ಎರಡು ಸುತ್ತಿಗೊಮ್ಮೆ ಎಂಜಿನ್ ಎಡವುತ್ತದೆ. 800 ಸುತ್ತಿನಲ್ಲಿ ಸೆಕೆಂಡಿಗೆ ಏಳರ ಹತ್ತಿರ. ಕೈಗೆ ತಿಳಿಯುವಷ್ಟು ನಿಧಾನದ ಕುಲುಕಾಟ. ಕಾಮನ್ ರೈಲ್ ಎಂಜಿನ್ನುಗಳಲ್ಲಿ ಕಂಪ್ಯೂಟರು ಪ್ರತಿ ಸಿಲಿಂಡರಿಗೆ ಎಷ್ಟು ಇಂಧನ ಸೇರಿಸಿ ಕಳೆದು ಸರಿದೂಗಿಸುತ್ತಿದೆ ಎಂಬುದನ್ನು ಸ್ಕ್ಯಾನರಿನಲ್ಲಿ ಓದಬಹುದು. ಒಂದು ಸಿಲಿಂಡರಿನ ಅಂಕಿ ಉಳಿದವನ್ನು ಬಿಟ್ಟು ದೂರ ಹೋಗಿದ್ದರೆ ಬೆಲ್ಟನ್ನು ಮರೆತು ಇಂಜೆಕ್ಟರನ್ನು ಪರೀಕ್ಷೆಗೆ ಕಳಿಸಬೇಕು. 1950ರ ದಶಕದಿಂದ ಮೈಕೋ ಹೆಸರಿನಲ್ಲಿ ಡೀಸೆಲ್ ಪಂಪು, ನಾಝಲ್ ತಯಾರಿಸಿದ, ಈಗ ಬಾಷ್ ಆಗಿರುವ ಕಾರ್ಖಾನೆ ಬೆಂಗಳೂರಿನ ಆಡುಗೋಡಿಯಲ್ಲಿತ್ತು. ಈ ಕೆಲಸ ಬಲ್ಲ ಕೈಗಳಿಗೆ ಈ ಊರಲ್ಲಿ ಕೊರತೆಯಿಲ್ಲ.

ದೋಷ ಮುಂಬದಿಯದೆಂದು ಖಚಿತವಾದ ಮೇಲೆ ಬೆಲ್ಟು ಹಾಕಿಯೇ ಒಮ್ಮೆ ನೋಡಬೇಕು. ಐಡ್ಲಿಂಗ್‌ನಲ್ಲಿ ಹೆಡ್‌ಲೈಟು, ಹಿಂಗಾಜಿನ ಹೀಟರು, ಎ.ಸಿ. ಒಂದೊಂದಾಗಿ ಹಾಕಿ ಟೆನ್ಷನರಿನ ತೋಳನ್ನು ಗಮನಿಸುವುದು. ಸೆಕೆಂಡಿಗೆ 27 ಸಲದ ಅಲುಗಾಟ ಕಣ್ಣಿಗೆ ಬರೀ ಮಸುಕಾಗಿ ಕಾಣುತ್ತದೆ. ಮೊಬೈಲಿನ ಸ್ಲೋ ಮೋಷನ್, ಸೆಕೆಂಡಿಗೆ 240 ಚಿತ್ರದ್ದು, ಒಂದು ಅಲುಗಾಟಕ್ಕೆ ಒಂಬತ್ತು ಚಿತ್ರ ಕೊಡುತ್ತದೆ. ಯಾವ ಭಾಗ ಹೆಚ್ಚು ಬೀಸುತ್ತಿದೆ, ತೋಳು ಎಷ್ಟು ಆಡುತ್ತಿದೆ ಎಂಬುದು ಬಿಡಿಬಿಡಿಯಾಗಿ ಕಾಣುತ್ತದೆ. ಆರೋಗ್ಯವಾಗಿರುವ ತೋಳು ನಿಂತಂತೆ ಕಾಣಬೇಕು, ಅಥವಾ ತುಸುವೇ ಮಿಡಿಯಬೇಕು. ಬೀಸಾಡುತ್ತಿದ್ದರೆ ಅದು ಟೆನ್ಷನರಿನದೇ ದೋಷ ಎಂದು ತೀರ್ಮಾನಿಸುವ ಆತುರ ಬೇಡ. ಕಚ್ಚಿಕೊಂಡ ಫ್ರೀವೀಲ್ ಒಳ್ಳೆಯ ಟೆನ್ಷನರನ್ನೂ ಕುಣಿಸುತ್ತದೆ.

ಫ್ರೀವೀಲನ್ನು ಪರೀಕ್ಷಿಸಲು ಬೆಲ್ಟು ಕಳಚಿ, ಆಲ್ಟರ್ನೇಟರಿನ ಫ್ಯಾನು ಅಥವಾ ಶಾಫ್ಟು ತಿರುಗದಂತೆ ಹಿಡಿದು ಪುಲಿಯನ್ನು ಕೈಯಲ್ಲಿ ತಿರುಗಿಸಬೇಕು. ಒಂದು ದಿಕ್ಕಿಗೆ ತಟ್ಟನೆ ಹಿಡಿದುಕೊಂಡು ಇನ್ನೊಂದು ದಿಕ್ಕಿಗೆ ಸಲೀಸಾಗಿ ತಿರುಗಿದರೆ ಸರಿ. ಎರಡು ಕಡೆಗೂ ಹಿಡಿದರೆ ಕಚ್ಚಿಕೊಂಡಿದೆ. ಎರಡು ಕಡೆಗೂ ಜಾರಿದರೆ ಬ್ಯಾಟರಿ ದೀಪ ಆಗಲೇ ಹತ್ತಿರಬೇಕು. ಡಿಕಪ್ಲರ್ ಆದರೆ ಹಿಡಿಯುವ ದಿಕ್ಕಿನಲ್ಲಿ ಸ್ಪ್ರಿಂಗಿನ ಎದುರೊತ್ತು ಬೆರಳಿಗೆ ಸಿಗಬೇಕು. ಬೆಲ್ಟು ಬಿಚ್ಚದೆಯೂ ಒಂದು ಸುಳಿವು ಸಿಗುತ್ತದೆ: ಎಂಜಿನ್ ಆಫ್ ಮಾಡಿದ ಮೇಲೆ ಒಳ್ಳೆಯ ಫ್ರೀವೀಲ್ ಇರುವ ರೋಟರ್ ಕ್ಷಣಕಾಲ ಸುಯ್ಯೆಂದು ಒಂಟಿಯಾಗಿ ತಿರುಗಿ ನಿಲ್ಲುವುದು ಕಿವಿಗೆ ಬೀಳುತ್ತದೆ. ಕಚ್ಚಿಕೊಂಡದ್ದಕ್ಕೆ ಆ ಸದ್ದಿಲ್ಲ.

2001ರಲ್ಲಿ ಭಾರತಕ್ಕೆ ಬಂದು ಔರಂಗಾಬಾದಿನಲ್ಲಿ ಜೋಡಣೆಯಾದ ಸ್ಕೋಡಾ ಆಕ್ಟೇವಿಯಾದ 1.9 ಟಿಡಿಐ ಎಂಜಿನ್ನು ಇದಕ್ಕೆ ಪಾಠದಂಥ ಉದಾಹರಣೆ. ಈ ಎಂಜಿನ್ ಕುಟುಂಬದಲ್ಲಿ ಆಲ್ಟರ್ನೇಟರಿನ ಫ್ರೀವೀಲ್ ಕಚ್ಚಿಕೊಂಡರೆ ಮೊದಲು ಟೆನ್ಷನರ್ ನಡುಗುತ್ತದೆ, ಆಮೇಲೆ ಬೆಲ್ಟು ಕೀರಲುತ್ತದೆ, ಹಾಗೇ ಬಿಟ್ಟರೆ ಟೆನ್ಷನರೂ ಹೋಗುತ್ತದೆ. ಗ್ಯಾರೇಜಿಗೆ ಬರುವ ಹೊತ್ತಿಗೆ ಮೂರೂ ಒಟ್ಟಿಗೆ ಕೆಟ್ಟಂತೆ ಕಾಣುತ್ತದೆ, ಮೂಲ ಮಾತ್ರ ಅಂಗೈಯಗಲದ ಪುಲಿ.

ಕ್ರ್ಯಾಂಕ್ ಪುಲಿಗೆ ಸೀಮೆಸುಣ್ಣ ಸಾಕು. ಗುಂಬದಿಂದ ಉಂಗುರದವರೆಗೆ ಒಂದು ನೇರ ಗೆರೆ ಎಳೆದು, ಒಂದೆರಡು ದಿನ ಓಡಿಸಿ ನೋಡಿದಾಗ ಗೆರೆ ತುಂಡಾಗಿದ್ದರೆ ರಬ್ಬರು ಜಾರಿದೆ. ರಬ್ಬರು ಉಬ್ಬಿ ಹೊರಬಂದಿದ್ದರೆ, ಅಂಚಿನಲ್ಲಿ ಬಿರಿದಿದ್ದರೆ ಗೆರೆಯ ಅಗತ್ಯವೂ ಇಲ್ಲ. ಕಂಪ್ರೆಸರ್, ಬೆಲ್ಟಿನ ದಾರಿ ತಿರುಗಿಸುವ ಐಡ್ಲರ್ ಪುಲಿ, ವಾಟರ್ ಪಂಪು, ಒಂದೊಂದನ್ನೂ ಕೈಯಲ್ಲಿ ತಿರುಗಿಸಿ ಬೇರಿಂಗಿನ ಗರಗರ ಕೇಳುವುದು, ಅಲ್ಲಾಡಿಸಿ ನೋಡುವುದು ಈ ಹೊತ್ತಿನಲ್ಲೇ ಮುಗಿಯಲಿ.

ಸದ್ದಿನ ದೋಷ ಬೇರೆ, ಅದುರಾಟ ಬೇರೆ; ಆದರೂ ಎರಡೂ ಜೊತೆಯಾಗಿ ಬರುವುದುಂಟು. ಓಡುವ ಬೆಲ್ಟಿನ ಏಣಿನ ಬದಿಗೆ ಸ್ವಲ್ಪ ನೀರು ಚಿಮುಕಿಸಿದಾಗ ಚಿಂವ್ ಚಿಂವ್ ಸದ್ದು ನಿಂತು ಮತ್ತೆ ಶುರುವಾದರೆ ಪುಲಿಗಳು ಒಂದೇ ಸಾಲಿನಲ್ಲಿಲ್ಲ. ಕೀರಲು ಇನ್ನೂ ಜೋರಾದರೆ ಬಿಗಿ ಸಾಲದೆ ಬೆಲ್ಟು ಜಾರುತ್ತಿದೆ. 20 ಸೆಂಟಿಮೀಟರ್ ದೂರದ ಎರಡು ಪುಲಿಗಳ ನಡುವೆ ಒಂದು ಮಿಲಿಮೀಟರಿನಷ್ಟು ಓರೆಯೇ ಸದ್ದಿಗೆ ಸಾಕು.

ದುರಸ್ತಿ

ಬೆಲ್ಟು ಬಿಚ್ಚುವ ಮೊದಲು ಅದು ಯಾವ ಪುಲಿಯ ಮೇಲೆ, ಯಾವುದರ ಕೆಳಗೆ ಹಾದಿದೆ ಎಂಬುದರ ಫೋಟೋ ತೆಗೆದಿಡುವುದು, ಅದೇ ಬೆಲ್ಟನ್ನು ಮತ್ತೆ ಹಾಕುವುದಿದ್ದರೆ ಓಡುವ ದಿಕ್ಕಿಗೆ ಬಾಣದ ಗುರುತು ಹಾಕುವುದು ಎಲ್ಲರೂ ಬಲ್ಲ ಮಾತು, ಅವಸರದಲ್ಲಿ ಎಲ್ಲರೂ ಬಿಡುವ ಮಾತು. ಫ್ರೀವೀಲ್ ಪುಲಿಯನ್ನು ಬಿಚ್ಚಲು ವಿಶೇಷ ಹಲ್ಲಿನ ಸಾಕೆಟ್ ಬೇಕು. ಪೈಪ್ ರೆಂಚು ಹಾಕಿ ತಿರುಗಿಸಿದರೆ ಹೊರಬಳೆ ಮಾತ್ರ ಗಾಯವಾಗುತ್ತದೆ. ಹೊಸದನ್ನು ಕಾರಿನ ಕೈಪಿಡಿ ಹೇಳಿದಷ್ಟೇ ಬಿಗಿಯಬೇಕು, ಹಲವು ಕಾರುಗಳಲ್ಲಿ ಅದು 80 ನ್ಯೂಟನ್ ಮೀಟರಿನ ಆಸುಪಾಸು. ಮುಚ್ಚಳ ಮರೆಯಬಾರದು.

ಫ್ರೀವೀಲ್ ದುಬಾರಿ ಎಂದು ಅದರ ಜಾಗಕ್ಕೆ ಸಾದಾ ಗಟ್ಟಿ ಪುಲಿ ಹಾಕಿಕೊಡುವ ಪದ್ಧತಿ ಇದೆ. ಚಾರ್ಜಿಂಗ್ ಆಗುತ್ತದೆ, ಗಾಡಿ ಓಡುತ್ತದೆ, ಬಿಲ್ಲೂ ಕಡಿಮೆ. ಆದರೆ ಕಚ್ಚಿಕೊಂಡ ಪುಲಿಯನ್ನು ತೆಗೆದು ಹುಟ್ಟಿನಿಂದಲೇ ಕಚ್ಚಿಕೊಂಡದ್ದನ್ನು ಕೂರಿಸಿದಂತಾಯಿತು. ಮುಂದಿನ ಸರದಿ ಟೆನ್ಷನರಿನದು. ಬೆಲ್ಟಿಗೆ ಸೋಪು ಉಜ್ಜುವುದು, ಅಂಟಿನ ಸ್ಪ್ರೇ ಹೊಡೆಯುವುದು ಸದ್ದನ್ನು ನಾಲ್ಕು ದಿನ ಅಡಗಿಸಿ ಧೂಳನ್ನು ಏಣುಗಳಿಗೆ ಮೆತ್ತುತ್ತದೆ. ಟೆನ್ಷನರ್, ಬೆಲ್ಟು, ಐಡ್ಲರ್ ಸುಮಾರು ಒಂದೇ ವಯಸ್ಸಿನವಾದ್ದರಿಂದ ಲಕ್ಷ ಕಿಲೋಮೀಟರ್ ದಾಟಿದ ಕಾರಿನಲ್ಲಿ ಮೂರನ್ನೂ ಒಟ್ಟಿಗೆ ಬದಲಾಯಿಸುವುದು ಲಾಭದ ಕೆಲಸ. ಕ್ರ್ಯಾಂಕ್ ಪುಲಿಯ ಬೋಲ್ಟುಗಳು ಹಲವು ಎಂಜಿನ್ನುಗಳಲ್ಲಿ ಒಮ್ಮೆ ಬಿಗಿದರೆ ಹಿಗ್ಗುವ ಬಗೆಯವು, ಬಿಚ್ಚಿದ ಮೇಲೆ ಹೊಸವೇ ಬೇಕು. ಎಣ್ಣೆಯೋ ಕೂಲಂಟೋ ಸೋರಿ ಬೆಲ್ಟು ನೆನೆದಿದ್ದರೆ ಸೋರಿಕೆ ನಿಲ್ಲಿಸದೆ ಹೊಸ ಬೆಲ್ಟು ಹಾಕುವುದರಲ್ಲಿ ಅರ್ಥವಿಲ್ಲ.

ಈ ಅದುರಾಟವನ್ನು ಮುಂದೂಡಬಾರದ ಎಂಜಿನ್ನುಗಳೂ ಇವೆ. ಮಹೀಂದ್ರ-ರೆನೊ ಲೋಗನ್, ರೆನೊ ಡಸ್ಟರ್, ನಿಸ್ಸಾನ್ ಟೆರಾನೊಗಳಲ್ಲಿ ಬಂದ 1.5 ಲೀಟರಿನ ಕೆ9ಕೆ ಡೀಸೆಲಿನಲ್ಲಿ ಟೈಮಿಂಗ್ ಬೆಲ್ಟು ಈ ಹೊರಗಿನ ಬೆಲ್ಟಿನ ಪಕ್ಕದಲ್ಲೇ, ಕವರಿನ ಹಿಂದೆ ಓಡುತ್ತದೆ. ಹೊರಗಿನ ಬೆಲ್ಟು ಹರಿದು ಅದರ ಎಳೆಗಳು ಕವರಿನ ಸಂದಿಯಿಂದ ಒಳಗೆ ನುಗ್ಗಿದರೆ ಟೈಮಿಂಗ್ ತಪ್ಪಿ ಪಿಸ್ಟನ್ನು ವಾಲ್ವಿಗೆ ಬಡಿಯುತ್ತದೆ. ಅಂಚು ನೂಲಾಗುತ್ತಿರುವ ಬೆಲ್ಟಿನಲ್ಲಿ ಇಂಥ ಕಾರನ್ನು ಊರು ದಾಟಿಸುವುದು ಎಂಜಿನ್ನನ್ನೇ ಪಣಕ್ಕಿಟ್ಟಂತೆ.

ಬೆಲ್ಟಿನಿಂದಲೇ ಎಂಜಿನ್ ಸ್ಟಾರ್ಟ್ ಮಾಡುವ ಕಾರುಗಳಲ್ಲಿ ಲೆಕ್ಕ ಬೇರೆ. 2015ರಲ್ಲಿ ಬಂದ ಮಾರುತಿ ಸಿಯಾಜ್ ಎಸ್‌ಎಚ್‌ವಿಎಸ್ ಡೀಸೆಲಿನಲ್ಲಿ ಆಲ್ಟರ್ನೇಟರಿನ ಜಾಗದಲ್ಲಿ ಸ್ಟಾರ್ಟರ್-ಜನರೇಟರ್ ಇದೆ. ಸಿಗ್ನಲ್ಲಿನಲ್ಲಿ ನಿಂತ ಎಂಜಿನ್ನನ್ನು ಅದು ಬೆಲ್ಟಿನ ಮೂಲಕ ಎಬ್ಬಿಸುತ್ತದೆ. ಬೆಲ್ಟು ಎರಡು ದಿಕ್ಕಿಗೂ ಬಲ ಸಾಗಿಸಬೇಕಾದ್ದರಿಂದ ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಇಲ್ಲಿ ನಡೆಯದು. ಎಂಜಿನ್ ಎಬ್ಬಿಸುವಾಗ ಬೆಲ್ಟಿನ ಬಿಗಿ ಮಗ್ಗುಲೂ ಸಡಿಲ ಮಗ್ಗುಲೂ ಅದಲು ಬದಲಾಗುತ್ತವೆ. ಹಾಗಾಗಿ ಈ ಬಗೆಯ ಕಾರುಗಳಲ್ಲಿ ಕ್ಷಣಮಾತ್ರದ ಕುಣಿತ ಸ್ಟಾರ್ಟ್ ಆಗುವಾಗ ಸಹಜ, ಐಡ್ಲಿಂಗಿನಲ್ಲಿ ಮುಂದುವರಿದರೆ ಮಾತ್ರ ದೋಷ. ಬೆಲ್ಟೂ ಟೆನ್ಷನರೂ ಆ ಮಾದರಿಗೆಂದೇ ಬಂದವಾಗಿರಬೇಕು. ಅದೇ ಉದ್ದದ ಸಾದಾ ಬೆಲ್ಟು ಹಾಕಿದರೆ ಎಂಜಿನ್ ಎಬ್ಬಿಸುವ ಹೊರೆಗೆ ಅದು ಜಾರುತ್ತದೆ.